ವನ್ಸ್ ಮೋರ್

ಬಿಜೈ ಮಾಲಿನ ಮೇಲಂತಸ್ತಿನಲ್ಲಿ
ನಮ್ಮ ನಾಟಕ ಈಗ ಸಿನಿಮಾ.

ಎದುರು ಸಾಲಿನ ಹುಡುಗನಿಗೆ ಬೇಸರ:
‘ಸಾಯುವವ ಇಷ್ಟುದ್ದ ಹಾಡ್ತಾನಾ ಮಾರಾಯ?’
ಜಲಜಕ್ಕನಿಗೆ ನಿಜದ ಸಮುದ್ರ ಕಂಡದ್ದೇ ಖುಷಿ.
ಪುರಭವನದಲ್ಲಿ ಅದು
ಇಬ್ಬರು ಹಿಡಿದು ಅಲ್ಲಾಡಿಸಿದ ನೀಲಿ ಸೀರೆ,
ಜಲಜಕ್ಕನದ್ದೇ, ವಾಪಸು ಬರಲೇ ಇಲ್ಲ.

ಪರದೆ ತುಂಬ ದೋಣಿಯವನ ಮುಖ.
ಕಣ್ಣೀರು ಗಡ್ಡದಲ್ಲಿ ದಾರಿ ಹುಡುಕುವುದೂ ಕಾಣುತ್ತದೆ.
ಅಲ್ಲಿ ಹಿಂದಿನ ಬೆಂಚಿಗೆ ಎಂತದೂ ಕಾಣುತ್ತಿರಲಿಲ್ಲ,
ನಾವೇ ಅಳಬೇಕಿತ್ತು.

ಅಷ್ಟರಲ್ಲಿ ಕತ್ತಲೊಳಗಿಂದ ‘ವನ್ಸ್ ಮೋರ್!’
ಎಲ್ಲ ನಕ್ಕರು.
ನನಗೆ ಗೊತ್ತು ಆ ದನಿ, ಹಾರ್ಮೋನಿಯಂ ಪಿಯೂಸ್.

ಆಗೆಲ್ಲ ಹಾಗೆ ಕೂಗಿದರೆ
ಸತ್ತ ಸಂಜೀವ ಕೊಟ್ಟಾರಿ ಎದ್ದು
ಪಂಚೆ ಸರಿಮಾಡಿ
ಮೊದಲಿಂದ ಹಾಡಿ
ಮತ್ತೆ ಸಾಯುತ್ತಿದ್ದ.
ಕಟಪಾಡಿಯಲ್ಲಿ ಒಂದೇ ರಾತ್ರಿ ನಾಲ್ಕು ಸಲ.
ವೆನ್ಲಾಕ್ ಆಸ್ಪತ್ರೆಯಲ್ಲಿ ಮಾತ್ರ
ಯಾರಿಗೂ ಕೂಗಲು ತೋಚಲಿಲ್ಲ.

ಸಿನಿಮಾ ನಿಲ್ಲಲಿಲ್ಲ.
ಹೊರುವವರು ಬಂದರು, ಒಳ್ಳೆಯ ಬೆಳಕಿನಲ್ಲಿ ಹೊತ್ತು ನಡೆದರು.
ಹುಡುಗ ಫೋನು ತೆಗೆದ.
ಆ ಸಣ್ಣ ಬೆಳಕಿನಲ್ಲಿ ನೋಡಿದೆ:
ಕುರ್ಚಿಯ ಕೈಯ ಮೇಲೆ ಪಿಯೂಸನ ಬೆರಳುಗಳು
ಇನ್ನೂ ಪಲ್ಲವಿಯಲ್ಲೇ ಇದ್ದವು,
ಎತ್ತಿಕೊಳ್ಳುವವನಿಗಾಗಿ
ಶ್ರುತಿ ಹಿಡಿದುಕೊಂಡು.