ಕೊನೆಯ ಕೋಟು

ಒಳಗೆ ಹೆಸರು ಕೂಗಿದ್ದು ಇಲ್ಲಿಗೆ ಕೇಳಿಸದು.
ಪ್ಯಾರಿಸ್ಸಿನ ಈ ರಂಗಮಂದಿರದ ನೆಲಮಾಳಿಗೆಯಲ್ಲಿ
ನ್ಯೆಲೆನಿಗೆ ಫಲಿತಾಂಶ ಹೇಳುವುದು ಗೂಟಗಳು.

ಮೊದಲು ಬಂದದ್ದು ನಲವತ್ತೊಂದರ ಟೋಕನ್,
ಮೂರನೆಯವನು.
ಮೂವತ್ತು ಗಜದಿಂದ ಗೋಲಿನ ಮೂಲೆ ಹುಡುಕುವವನು
ತೋಳು ತೂರಿಸಲು ತಡಕಾಡಿದ.
‘ಚಳಿ’ ಅಂದ, ಯಾರೂ ಕೇಳದಿದ್ದರೂ.

ಆಮೇಲೆ ಎರಡನೆಯವನು:
ಹೆಂಡತಿಯ ಕೋಟು ಮಾತ್ರ ಇಸಿದುಕೊಂಡು
ಮೆಟ್ಟಿಲೇರಿ, ತನ್ನದು ನೆನಪಾಗಿ
ಮತ್ತೆ ಇಳಿದು ಬಂದ.

ಈಗ ಉಳಿದದ್ದು ಒಂದೇ.
ಹನ್ನೆರಡೂವರೆ. ಕೊನೆಯ ಮೆಟ್ರೋ ತಪ್ಪುತ್ತದೆ.
ಮೇಲೆ ಇನ್ನೂ ಫೋಟೋ, ಇನ್ನೂ ಒಂದು ಫೋಟೋ.

ಗೂಟದಿಂದ ಇಳಿಸಿ ನೋಡಿದಳು:
ಅಸ್ತರಿನಲ್ಲಿ ಹರಕು, ಕಪ್ಪು ಕೋಟಿಗೆ ನೀಲಿ ದಾರ,
ಯಾರದೋ ಅವಸರದ ಕೈ, ಗಂಟು ಬಿಗಿಯಿಲ್ಲ.
ಚೀಲದಿಂದ ಸೂಜಿ ತೆಗೆದಳು.
ಹೇಗೂ ಕಾಯಬೇಕಲ್ಲ.