ಹಿಂದಿನ ಗಾಲಿಗೆ ಕಲ್ಲು

ಸ್ಕೊರ್ಕೋಲಾ ಗುಡ್ಡದ ಈ ಬೀದಿಯಲ್ಲಿ
ಕಿತ್ತಳೆ ಕೈಜಾರಿದರೆ
ಬಂದರಿಗೇ ಹೋಗಿ ಹೆಕ್ಕಬೇಕು.
ಅಂಥಲ್ಲಿ ಬಂದು ನಿಂತಿತು ಹಸಿರು ಸ್ಪೈಡರ್,
ಅರವತ್ತೊಂಬತ್ತರದು, ಮುಚ್ಚಿಗೆ ಮಡಚಿಕೊಂಡು.
ಬ್ರೇಕಿನ ಮೇಲಿಂದ ಕಾಲು ತೆಗೆಯಲಾರದೆ
ಕೂತಲ್ಲೇ ಕೂಗಿದ ಲಿವಿಯೋ,
ಹತ್ತೊಂಬತ್ತು ವರ್ಷದ ಮೇಲೆ ಮೊದಲ ಮಾತು:
"ಓಂದೀನಾ, ಕಲ್ಲು!"

ಸೀಟಿನ ಹಿಂದಿನ ಸಂದಿಯಿಂದ ಎತ್ತಿ ಗಾಲಿಗೆ ಕೊಟ್ಟೆ.
ಅದೇ ಕಲ್ಲು. ಕಾರ್ಸೋ ಬಯಲಿನ ಸುಣ್ಣಗಲ್ಲು,
ಒಂದು ಮಧ್ಯಾಹ್ನ ಇಬ್ಬರೂ ಆರಿಸಿದ್ದು,
ರೊಟ್ಟಿಯಂಗಡಿಯ ದೊಡ್ಡ ಬ್ರೆಡ್ಡಿನಷ್ಟು.
ಆಗಲೇ ಹ್ಯಾಂಡ್‌ಬ್ರೇಕು ಹಿಡಿಯುತ್ತಿರಲಿಲ್ಲ.
ಮಾಡಿಸೋಣ, ಮಾಡಿಸೋಣ ಎಂದೆವು.
ಕೋರ್ಟಿನಲ್ಲಿ ಪಾಲಾದಾಗ
ಮನೆ ನನಗೆ, ಕಾರು ಅವನಿಗೆ.
ಕಲ್ಲನ್ನು ಯಾರೂ ಬರೆಸಲಿಲ್ಲ.

ನನಗೆಂದು ಬಂದವನಲ್ಲ.
ಈ ಏರಿನಲ್ಲಿ ಸಮತಟ್ಟು ನೆಲವಿರುವುದು ನನ್ನ ಗ್ಯಾರೇಜಿಗೆ,
ನಡುವೆ ಅಪ್ಪ ತೋಡಿಸಿದ ಗುಂಡಿ.
ಟ್ರಾಮ್ ಡಿಪೋದಲ್ಲಿ ಮೂವತ್ತು ವರ್ಷ
ಬ್ರೇಕು ನೋಡಿದ ಮನುಷ್ಯ ಅಪ್ಪ.
ಮತ್ತೆ, ನನ್ನ ಮಣಿಕಟ್ಟು ಸಣ್ಣದು,
ಯಾರ ಕೈಯೂ ಹೋಗದಲ್ಲಿ ಹೋಗುತ್ತದೆ.

ಮೊದಲು ಗೇರು. ಮುಟ್ಟಿದರೆ ನಗು ಬರಬೇಕು,
ಹಂಡೆಯೊಳಗೆ ಆಡುವ ಸೌಟು.
ಮೂರನೆಯದು ಹುಡುಕಿದರೆ ಒಂದನೆಯದು ಸಿಗುತ್ತದಂತೆ,
ರಿವರ್ಸಿಗೆ ಪಕ್ಕದವರ ಮೊಣಕಾಲಿನ ತನಕ ತಳ್ಳಬೇಕಂತೆ.
ಪಕ್ಕದವರು ಯಾರು, ನಾನು ಕೇಳಲಿಲ್ಲ.
ಚರ್ಮದ ಚೀಲ ಬಿಚ್ಚಿ, ರಬ್ಬರು ಸುಲಿದು
ತಳದ ಬಟ್ಟಲಿಗೆ ಬೆರಳಿಟ್ಟೆ:
ನೈಲಾನಿನ ಬುಶ್ಶು
ಚಹಾದಲ್ಲಿ ನೆನೆದ ಬಿಸ್ಕತ್ತಿನ ಹಾಗೆ ಉದುರಿ ಬಂತು.
ಇಷ್ಟೇನಾ, ಎಂದ.
ಇಷ್ಟೇ. ಉಗುರಗಲದ ಬಳೆ,
ಹೊಸದು ಎರಡು ಯೂರೋ ನಲವತ್ತು.

ಆಮೇಲೆ ಗುಂಡಿಗಿಳಿದೆ.
ಅಲ್ಲಿಂದ ಕಾಣುವುದು ಅವನ ಬೂಟು ಮಾತ್ರ,
ಮಾತೆಂದರೆ ಪಾನಾದ ಅಂಕಿ.
ಹದಿಮೂರು.
ಹತ್ತು ಸಾಕಲ್ಲವೆ?
ಹದಿಮೂರು ಕೊಡು ಲಿವಿಯೋ.
ಕೊಟ್ಟ.
ಕೇಬಲ್ಲು ತನ್ನ ಕೊಳವೆಯೊಳಗೇ ತುಕ್ಕು ಹಿಡಿದು ಕೂತಿತ್ತು.
ಅವನು ಮೇಲಿಂದ, ನಾನು ಕೆಳಗಿಂದ,
ಜಗ್ಗಿ ಜಗ್ಗಿ, ಕಿತ್ತು ಬಂದಾಗ
ಕೆದರಿದ ತಂತಿಯೆಳೆ ಹೆಬ್ಬೆರಳಿಗೆ ನೆಟ್ಟಿತು.
ಕರ್ಚೀಫು ಚಾಚಿದ. ಗ್ರೀಸು ಮೆತ್ತಿದ್ದು.
ಅದನ್ನೇ ಸುತ್ತಿಕೊಂಡೆ.

ಹೊಸದಕ್ಕೆ ಹದ ಹಿಡಿಯುವುದು ತಡ.
ಬಿಗಿದರೆ ಗಾಲಿ ಉಜ್ಜಿ ಉಜ್ಜಿ ಕಾಯುತ್ತದೆ,
ಬಿಟ್ಟರೆ ಮತ್ತದೇ ಬಂದರು.
ನಾಲ್ಕು ಟಿಕ್, ಎನ್ನುತ್ತಿದ್ದ ಅಪ್ಪ;
ಎರಡಕ್ಕೆ ಹಿಡಿದರೆ ಅದು ಜಿಪುಣ,
ಏಳಕ್ಕೆ ಹಿಡಿದರೆ ಅದು ಪ್ರಾರ್ಥನೆ.
ನಟ್ಟು ಅರ್ಧ ಸುತ್ತು, ಎಳೆ, ಎಣಿಸು.
ಏಳು.
ಇನ್ನರ್ಧ. ಆರು.
ಕಾಲು ಸುತ್ತು. ಐದೂವರೆ, ಎಂದ.
ಅರ್ಧ ಟಿಕ್ ಎಂಬುದು ಇರುವುದಿಲ್ಲ, ಎಂದೆ.
ಇರುತ್ತದೆ, ಎಂದ.
ಅವತ್ತೂ ಹೀಗೇ.
ಕತ್ತಲಾಗುವ ಹೊತ್ತಿಗೆ ನಾಲ್ಕು.
ಸುಳ್ಳಿರಬಹುದೆಂದು ಇನ್ನೊಮ್ಮೆ ಎಳೆದ.
ಟಿಕ್ ಟಿಕ್ ಟಿಕ್ ಟಿಕ್.

ಕಾಫಿ ಇಡಲೇ, ಎನ್ನಬೇಕಿತ್ತು.
ಪಾನಾಗಳನ್ನು ಒರೆಸುತ್ತಾ ನಿಂತೆ, ಒರೆಸಿದ್ದನ್ನೇ.

ಏರು ಅತಿ ಕಡಿದಾದಲ್ಲಿ,
ನನಗೆ ತೋರಿಸಲೆಂದೇ ಇರಬೇಕು,
ನಿಲ್ಲಿಸಿ, ಬ್ರೇಕೆಳೆದು
ಎರಡೂ ಕೈ ಮೇಲೆತ್ತಿದ,
ಪೊಲೀಸರಿಗೆ ಸಿಕ್ಕವನ ಹಾಗೆ.
ಕಾರು ಅಲುಗಲಿಲ್ಲ.
ಆಮೇಲೆ ಒಂದು. ಎರಡು.
ತಿರುವಿನಾಚೆ, ಕಣ್ಣಿಗೆ ಮರೆಯಾಗಿ,
ತುಪ್ಪಕ್ಕೆ ಚಮಚ ಇಳಿದಂತೆ ಮೂರು.

ಕಲ್ಲು ಇಲ್ಲೇ ಉಳಿದಿದೆ.
ಮರೆತನೋ, ಬಿಟ್ಟನೋ.
ರಾತ್ರಿ ಬೋರಾ ಗಾಳಿ ಎದ್ದು
ಗ್ಯಾರೇಜಿನ ಬಾಗಿಲು ಬಡಿದುಕೊಂಡಿತು.
ಕೋಟು ಹೊದ್ದು ಇಳಿದು ಹೋಗಿ
ಅದನ್ನೇ ಅಡ್ಡ ಕೊಟ್ಟು ಬಂದೆ.

ಆದರೂ ತುಸು ಬಡಿಯುತ್ತದೆ.