ಪಂಕಾದ ತೂತು

ಆದವಾನ್ಯಾಗೆ ಈಗ ಇಬ್ಬರು ಕೂತ್ರೆ ಮೂರು ಮಾತು,
ಮೂರೂ ಬಂಗ್ಲೆದ್ದೇ.
ಬಳ್ಳಾರಿ ಜಿಲ್ಲಾದಾಗೆ ಇದ್ದಾಗಿನ ಸಬ್‌ಕಲೆಕ್ಟರ್ ಬಂಗ್ಲೆ,
ಚೇರ್ಮನ್ನರು ಇರೋಕೆ ಬಂದು ಎಂಟು ತಿಂಗಳು.
ಮುಂದಿನ ಪಡಸಾಲೆ ಕೆಡವಿದ್ರು.
ತೇಗದ ಕಂಬ ಹದಿನಾಲ್ಕು, ಲಾರಿ ಏರಿದ್ದು ಹನ್ನೊಂದು ಅಂತ
ಮಂಡಕ್ಕಿ ಒಗ್ಗರಣೆ ತಿನ್ನೋರು ಎಣಿಸಿ ಹೇಳ್ತಾರೆ,
ಮಿರ್ಚಿ ಕಡೀತಾ, ಕಣ್ಣಾಗೆ ನೀರು,
ಕಂಬಕ್ಕೋ ಮಿರ್ಚಿಗೋ ಗೊತ್ತಾಗಲ್ಲ.

ವಕೀಲ ಪ್ರಹ್ಲಾದಾಚಾರ್ರು ಕೋರ್ಟಿಗೆ ಹಾಕ್ಯಾರೆ.
"ಇದು ಚರಿತ್ರೆ ರೀ, ಯಾರಪ್ಪನ ಮನೆ ಅಲ್ಲ"
ಅಂತ ಮೀಟಿಂಗಿನಾಗೆ ತೆಲುಗಿನಾಗೆ ಬೈದು,
ಮೆಟ್ಟಿಲಿಳಿದು ಕನ್ನಡದಾಗೆ ಇನ್ನೊಂದ್ಸಲ ಬೈದ್ರು.
ಸಿಟ್ಟು ಅರ್ಧಕ್ಕೆ ನಿಲ್ಲಬಾರದು ನೋಡ್ರಿ.
ಚೇರ್ಮನ್ನರ ಕಡೇರು: "ಸೋರೋ ಮನ್ಯಾಗೆ ಮಲಗು ಅಂತೀರಾ?
ನಿಮ್ಮ ಚರಿತ್ರೆ ಗೆದ್ದಲು ಆಗ್ಲೇ ಓದಿ ಮುಗಿಸ್ಯಾವೆ."
ಹದಿನೇಳನೇ ವಾರ್ಡಿನ ಖೈರುನ್ನೀಸಾ ಎದ್ದು
ಒಂದೇ ಕೇಳಿದ್ಲು: "ಕಾರಂಜಿಗೆ ನೀರು ಯಾವ ಪೈಪಿಂದು?
ನಮ್ಮ ನಳಕ್ಕೆ ಬರೋದು ಐದು ದಿನಕ್ಕೊಮ್ಮೆ."
ಅದನ್ನ ಮಿನಿಟ್ಸಿನಾಗೆ ಬರೀಲಿಲ್ಲ.

ನಾನು ಎ.ಸಿ. ಕೂಡಿಸೋನು, ತಿಕ್ಕಯ್ಯ ಅಂತ.
ಜಿನ್ನಿಂಗ್ ಮಿಲ್ಲು ಮುಚ್ಚಿದ ಮ್ಯಾಲೆ ಕಲ್ತ ವಿದ್ಯೆ.
ಎರಡು ಟನ್ನಿನ ಮಿಷಿನ್ನು, ಉತ್ತರದ ಕೋಣೆಗೆ.
ಗೋಡೆ ಒಂದೂವರೆ ಮೊಳ ದಪ್ಪ,
ಡ್ರಿಲ್ಲು ಇಟ್ಟ ಕಡೆಯೆಲ್ಲ ಕಿಡಿ.
ಬೆರಳ ಗೆಣ್ಣಿಂದ ಬಡಿದು ಬಡಿದು ನೋಡಿದೆ,
ಕಲ್ಲಂಗಡಿ ನೋಡ್ದಂಗೆ.
ಒಂದು ಕಡೆ ಡಬ್ ಅಂತು.
ಸುಣ್ಣ ಕೆರೆದೆ.
ತೂತು.
ಯಾರೋ ನನಗಂತ ಮೊದ್ಲೇ ಕೊರೆದಿಟ್ಟ ತೂತು,
ಬಾಯಿಗೊಂದು ಹಿತ್ತಾಳೆ ಬಳೆ,
ಬಳೆಯ ಕೆಳಗಿನ ಅಂಚು ಸವೆದು ಬ್ಲೇಡಿನಂಗೆ ತೆಳು.

ನಮ್ಮ ತಾತ ಹೊನ್ನೂರಪ್ಪನ ಬಲಗಾಲ ಹೆಬ್ಬೆರಳು ಓರೆ.
ಹಗ್ಗ ಕಟ್ಟಿ ಎಳೆದೂ ಎಳೆದೂ ಆಕಡೆ ವಾಲಿತ್ತು,
ಚಪ್ಪಲಿ ಮೆಟ್ಟಿದ್ರೆ ಅದೊಂದು ಹೊರಗೇ ಉಳೀತಿತ್ತು.
ಗೋಡೆ ಈಚೆಗೆ ಝಳದಾಗೆ ಅಂಗಾತ ಮಲಗಿ
ಆಚೆಗೆ ದೊರೆಗೆ ಗಾಳಿ ಕಳಿಸೋ ಕೆಲಸ.
ತೂಕಡಿಸಿದ್ರೆ ಕಿಟಕ್ಯಾಗಿಂದ ಬೂಟು ಬರ್ತಿತ್ತಂತೆ.
ಒಂದೇ ಬೂಟು.
"ಇನ್ನೊಂದೂ ಒಗೆದಿದ್ರೆ ಜೋಡಿ ಆಗ್ತಿತ್ತಲ್ಲೋ"
ಅಂತ ನಗ್ತಿದ್ದ, ಹಲ್ಲಿಲ್ಲದ ಬಾಯಾಗೆ.
"ಕೋಣ್ಯಾಗೆ ಏನೇನಿತ್ತು ತಾತ?" ಅಂದ್ರೆ
"ಗಾಳಿ" ಅಂತಿದ್ದ.
ಒಳಗೆ ಒಂದಿನ ಕಾಲಿಟ್ಟೋನಲ್ಲ.

ಸಂಜೆ ವಕೀಲ್ರು ಸ್ಕೂಟರ್ ನಿಲ್ಲಿಸಿ ಕೇಳಿದ್ರು:
"ಹಳೇದು ಏನೇನು ಕಿತ್ಯಾರೆ, ಪಟ್ಟಿ ಹೇಳಪ್ಪ.
ಕಂಬ, ಬಾಗಿಲು, ಬಣ್ಣದ ಗಾಜು..."
ಬರಕೊಂತಾ ಇದ್ರು. ನಾನು "ತೂತು" ಅಂದೆ.
ಪೆನ್ನು ನಿಂತಿತು.
"ತೂತನ್ನ ಹೆಂಗೆ ಕೀಳ್ತಾರೋ?"
"ಕಿತ್ತಿಲ್ಲ ಸ್ವಾಮಿ, ಉಳಿದೈತೆ."
"ಉಳಿದಿದ್ದು ಕೇಸಿಗೆ ಬರಲ್ಲ ತಿಕ್ಕಯ್ಯ."
ಕಿಕ್ಕು ಹೊಡೆದ್ರು, ಹೋದ್ರು.

ಚೇರ್ಮನ್ನರು ಮಾತ್ರ ಬಂದು ನೋಡಿದ್ರು,
ತೂತಿನಾಗೆ ಬೆರಳು ಕೂಡ ಆಡಿಸಿದ್ರು.
ನನ್ನೆದುರೇ ಪೇಪರಿನೋರಿಗೆ ಫೋನು:
"ಪಾರಂಪರಿಕ ಗೋಡೆಗೆ ಒಂದು ಮೊಳೆಯೂ ಹೊಡೆದಿಲ್ಲ, ಬರ್ಕೊಳ್ಳಿ."
ಸುಳ್ಳೇನಲ್ಲ ಅದು.

ಬಳೆ ಬಿಚ್ಚಿ ಜೇಬಿಗೆ ಹಾಕ್ಕೊಂಡೆ.
ಹನ್ನೊಂದು ಕಂಬದ ಲೆಕ್ಕದಾಗೆ ಇದೂ ಒಂದು ಬರ್ಕೊಳ್ಳೋರು ಬರ್ಕೊಳ್ಳಲಿ.
ತಾಮ್ರದ ಪೈಪು ತೂರಿಸಿದೆ, ಸಲೀಸಾಗಿ ಹೋಯ್ತು,
ಹಗ್ಗದ ದಾರಿ ಅದಕ್ಕೆ ಗೊತ್ತಿತ್ತೇನೋ.
ಸ್ವಿಚ್ಚು ಒತ್ತಿದ್ರೆ ಒಳಗೆ ಹದಿನೆಂಟು ಡಿಗ್ರಿ.
ಹೊರಗಿನ ಡಬ್ಬ ಇಡೋಕೆ ಇದ್ದದ್ದು ಅದೊಂದೇ ಜಾಗ,
ಒಬ್ಬ ಮನುಷ್ಯ ಅಂಗಾತ ಮಲಗೋ ಅಷ್ಟು.
ಒಳಗಿನ ಕಾವನ್ನೆಲ್ಲ ತಂದು ಅಲ್ಲಿಗೇ ಉಗೀತೈತೆ.
ಸ್ವಲ್ಪ ಹೊತ್ತು ನಿಂತೆ ಅದರ ಮುಂದೆ.
ಬಿಲ್ಲಿಗೆ ಸಹಿ ಬೇಕಿತ್ತು, ಬಾಗಿಲ ಹತ್ರ ಬಂದೆ.

"ಚಪ್ಪಲಿ ಬಿಟ್ಟು ಬಾ,
ಹೊಸ ಮಾರ್ಬಲ್ಲು" ಅಂತ ಒಳಗಿಂದ ಯಾರೋ ಅಂದ್ರು.